ಸೆತ್ಸುಬುನ್ ಕಾಳು, ನಮಹಗೆ ಹುಲ್ಲು, ನಮ್ಮ ಮಾರಿ: ಶಾಲೆಯ ಪ್ರದರ್ಶನಕ್ಕೆ ಮಾಹಿತಿ ಬೇಕು

ತೆಂಕಪೇಟೆ

ನಮಸ್ಕಾರ. ಮಂಗಳೂರಿನ ಒಂದು ಪ್ರೌಢಶಾಲೆಯಲ್ಲಿ ಫೆಬ್ರವರಿ ಮೊದಲ ವಾರ ಮಕ್ಕಳ ಪ್ರದರ್ಶನ ಉಂಟು. ವಿಷಯ: ಚಳಿಗಾಲದಲ್ಲಿ ಭೂತ ಓಡಿಸುವ ಹಬ್ಬಗಳು. ಒಂದು ತರಗತಿ ಕೋಣೆ, 9ನೇ ತರಗತಿಯ 12 ಮಕ್ಕಳು, ಮೂರು ಗಂಟೆ ಹೊತ್ತು. ಚಿತ್ರ ಅಂಟಿಸಿ ಮುಗಿಸುವುದು ಬೇಡ, ಕೈಯಲ್ಲಿ ಮಾಡಿ ತೋರಿಸುವಂಥದ್ದು ಬೇಕು. ಜಪಾನಿನವರು ಕಾಳು ಎಸೆಯುತ್ತಾರಂತೆ, ಹುಲ್ಲಿನ ವೇಷ ಹಾಕುತ್ತಾರಂತೆ, ಯುರೋಪಿನಲ್ಲಿ ಗಂಟೆ ಕಟ್ಟಿಕೊಂಡು ಕುಣಿಯುತ್ತಾರಂತೆ. ಯಾವ ಕಾಳು, ಎಷ್ಟು, ವೇಷ ಕಟ್ಟುವುದು ಹೇಗೆ, ಎಲ್ಲಿ ಎಡವಟ್ಟಾಗುತ್ತದೆ? ಗೊತ್ತಿದ್ದವರು ಬಿಡಿಸಿ ಹೇಳಿ. ಪಕ್ಕದಲ್ಲಿ ನಮ್ಮ ಊರಿನದ್ದು ಒಂದಾದರೂ ಇರಬೇಕು ಅಂತ ಆಸೆ. ಆಟಿ ಕಳೆಂಜ ಇಡಬಹುದಾ?

ಕಡಲಕರೆ

ಫೆಬ್ರವರಿ ಮೊದಲ ವಾರ ಅಂದ ಮೇಲೆ ಜಪಾನಿನ ಸೆತ್ಸುಬುನ್‌ನಿಂದಲೇ ಶುರು ಮಾಡಿ. ದಿನವೂ ಹೊಂದುತ್ತದೆ, ಖರ್ಚೂ ಕಡಿಮೆ. 'ಸೆತ್ಸು' ಅಂದರೆ ಬಿದಿರಿನ ಗಿಣ್ಣು, 'ಬುನ್' ಅಂದರೆ ಭಾಗ ಮಾಡುವುದು. ವರ್ಷ ಅನ್ನುವ ಬಿದಿರಿನಲ್ಲಿ ಒಂದು ಋತು ಮುಗಿದು ಇನ್ನೊಂದು ಹುಟ್ಟುವ ಗಿಣ್ಣು. ಸೂರ್ಯ ಆಕಾಶದ ತನ್ನ ಸುತ್ತುದಾರಿಯಲ್ಲಿ 315 ಡಿಗ್ರಿಗೆ ಬರುವ ದಿನ ಅವರಿಗೆ ವಸಂತದ ಮೊದಲ ದಿನ, ಅದರ ಮುನ್ನಾದಿನ ಸೆತ್ಸುಬುನ್. ಸಾಮಾನ್ಯವಾಗಿ ಫೆಬ್ರವರಿ 3. 2021ರಲ್ಲಿ ಫೆಬ್ರವರಿ 2ಕ್ಕೆ ಬಂತು, 1897ರ ನಂತರ ಅದೇ ಮೊದಲು. 2025ರಲ್ಲೂ ಫೆಬ್ರವರಿ 2ಕ್ಕೇ ಬಂತು. ನಮ್ಮ ತುಳು ತಿಂಗಳೂ ಸೂರ್ಯನ ಲೆಕ್ಕವೇ, ಸಂಕ್ರಮಣದಿಂದ ಸಂಕ್ರಮಣಕ್ಕೆ. ಹಾಗಾಗಿ ಮಕ್ಕಳಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ.

ಕಾಳು ಸೋಯಾ. ಹುರಿದದ್ದೇ ಆಗಬೇಕು, ಹಸಿಯದ್ದು ಎಸೆಯುವ ಕ್ರಮವೇ ಇಲ್ಲ. ಎಸೆದ ಕಾಳು ಎಲ್ಲೋ ಮೂಲೆಯಲ್ಲಿ ಉಳಿದು ಮೊಳಕೆ ಬಂದರೆ, ಓಡಿಸಿದ ಕೇಡು ಮತ್ತೆ ಚಿಗುರಿದ ಹಾಗೆ ಎಂದು ಅವರ ಲೆಕ್ಕ. ಅಳತೆಗೆ ಮಾಸು ಅನ್ನುವ ಚೌಕದ ಮರದ ಪೆಟ್ಟಿಗೆ ಉಂಟು, ನಮ್ಮ ಕಳಸಿಗೆಯ ಹಾಗೆ ಮೂಲತಃ ಅಕ್ಕಿ ಅಳೆಯುವಂಥದ್ದು. ಚಿಕ್ಕದು 180 ಮಿಲಿ. ಒಬ್ಬ ಹುಡುಗನಿಗೆ ಅರ್ಧ ಮಾಸು ಸಾಕು. 12 ಮಂದಿಗೆ ಹತ್ತಿರ ಹತ್ತಿರ 800 ಗ್ರಾಂ.

ಹುರಿಯುವ ಕ್ರಮ: ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು, ಬಟ್ಟೆಯ ಮೇಲೆ ಒಂದೆರಡು ಗಂಟೆ ಹರಡಿ. ಸಿಪ್ಪೆಯ ಹೊರಗೆ ನೀರಿನ ಪಸೆ ಉಳಿಯಬಾರದು. ಆಮೇಲೆ ದಪ್ಪ ಕಬ್ಬಿಣದ ಬಾಣಲೆ, ಸಣ್ಣ ಉರಿ, ಬಿಡದೆ ಕೈಯಾಡಿಸುತ್ತ 25ರಿಂದ 30 ನಿಮಿಷ. ಸಿಪ್ಪೆ ಅಲ್ಲಲ್ಲಿ ಒಡೆದು, ಬಾಯಿಗೆ ಹಾಕಿದರೆ ಕಟ್ ಅಂತ ಮುರಿಯಬೇಕು. ಅವಸರಕ್ಕೆ ಉರಿ ಜಾಸ್ತಿ ಮಾಡಿದರೆ ಹೊರಗೆ ಕಪ್ಪು, ಒಳಗೆ ಹಸಿ, ತಿಂದವರಿಗೆ ಹೊಟ್ಟೆ ಕೆಡುತ್ತದೆ. ಪೂರ್ತಿ ತಣಿಯದೆ ಡಬ್ಬಿಗೆ ಹಾಕಿದರೆ ಮುಚ್ಚಳದಲ್ಲಿ ಬೆವರು ಕಟ್ಟಿ ಎರಡು ದಿನದಲ್ಲಿ ಮೆತ್ತಗಾಗುತ್ತದೆ, ನಮ್ಮ ಕರಾವಳಿಯ ಹವೆ ಗೊತ್ತಲ್ಲ.

ಎಸೆಯುವುದು ಕತ್ತಲಾದ ಮೇಲೆ. ಅದಕ್ಕೆ ಮೊದಲು ಕಾಳನ್ನು ಮನೆಯ ದೇವರ ಮುಂದೆ ಇಟ್ಟಿರುತ್ತಾರೆ. ಮನೆಯ ತೀರಾ ಒಳಗಿನ ಕೋಣೆಯಿಂದ ಶುರು ಮಾಡಿ ಮುಂಬಾಗಿಲಿಗೆ ಬರಬೇಕು, ತಿರುಗುಮುರುಗು ಆಗಬಾರದು. ಕಿಟಕಿ ತೆರೆದು, 'ಓನಿ ವಾ ಸೊತೊ' ಅಂತ ಹೊರಗೆ ಎಸೆಯುವುದು. ಓನಿ ಅಂದರೆ ಕೇಡು ತರುವ ಕೊಂಬಿನ ಜೀವಿ, ಅದು ಹೊರಗೆ ಹೋಗಲಿ ಅಂತ ಅರ್ಥ. ತಕ್ಷಣ ಕಿಟಕಿ ಮುಚ್ಚಿ, 'ಫುಕು ವಾ ಉಚಿ' ಅಂತ ಕೋಣೆಯ ಒಳಗೆ ಎಸೆಯುವುದು, ಭಾಗ್ಯ ಒಳಗೆ ಬರಲಿ ಅಂತ. ನಮ್ಮಲ್ಲಿ 'ಪೊಲಿ' ಅನ್ನುತ್ತೇವಲ್ಲ, ಫುಕು ಅಂದರೆ ಹೆಚ್ಚುಕಡಿಮೆ ಅದೇ. ಹೆಚ್ಚಿನವರು ತಪ್ಪುವುದು ಕಿಟಕಿ ಮುಚ್ಚುವ ಕಡೆ. ತೆರೆದೇ ಬಿಟ್ಟು ಎರಡೂ ಕೂಗು ಹೇಳಿದರೆ ಆಚರಣೆಗೆ ಅರ್ಥವೇ ಇಲ್ಲ.

ಕೊನೆಗೆ ವಯಸ್ಸು ಎಷ್ಟೋ ಅಷ್ಟು ಕಾಳು ತಿನ್ನುವುದು, ಕೆಲವು ಕಡೆ ಬರುವ ವರ್ಷಕ್ಕೆ ಒಂದು ಜಾಸ್ತಿ. 5 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಗಟ್ಟಿ ಕಾಳು ಕೊಡಬೇಡಿ ಎಂದು ಜಪಾನಿನ ಸರ್ಕಾರವೇ ಎಚ್ಚರಿಸುತ್ತದೆ, ಶ್ವಾಸನಾಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಪ್ರದರ್ಶನ ನೋಡಲು ಅಂಗನವಾಡಿ ಮಕ್ಕಳೂ ಬರುವುದಾದರೆ ಇದು ನೆನಪಿರಲಿ.

ಒಂದು ಸುಲಭದ ದಾರಿ: ಹೊಕ್ಕೈಡೊ ಮತ್ತು ಉತ್ತರ ಜಪಾನಿನ ಹಿಮದ ಊರುಗಳಲ್ಲಿ ಸೋಯಾ ಬದಲು ಸಿಪ್ಪೆಸಹಿತ ನೆಲಕಡಲೆ ಎಸೆಯುತ್ತಾರೆ. ಹಿಮದಲ್ಲಿ ಕಣ್ಣಿಗೆ ಕಾಣುತ್ತದೆ, ಹೆಕ್ಕಬಹುದು, ಸಿಪ್ಪೆ ಸುಲಿದರೆ ತಿನ್ನಲೂಬಹುದು. ಶಾಲೆಗೆ ಅದೇ ಒಳ್ಳೆಯದು. ಯಾವ ಮಗುವಿಗಾದರೂ ನೆಲಕಡಲೆ ಆಗುವುದಿಲ್ಲವೋ ಅಂತ ಮೊದಲೇ ಕೇಳಿಕೊಳ್ಳಿ.

ಮೂಡುಮನೆ

ಕಡಲಕರೆಯವರು ಹೇಳಿದ ಕ್ರಮ ಸರಿಯಾಗಿಯೇ ಉಂಟು. ನನ್ನ ಮಾತು ಪ್ರದರ್ಶನದ ಹೆಸರಿನ ಬಗ್ಗೆ. 'ಭೂತ ಓಡಿಸುವ ಹಬ್ಬ' ಅಂತ ಮಂಗಳೂರಿನಲ್ಲಿ ಬೋರ್ಡು ಹಾಕಬೇಡಿ. ಘಟ್ಟದ ಮೇಲೆ ಭೂತ ಅಂದರೆ ದೆವ್ವ ಇರಬಹುದು. ಇಲ್ಲಿ ಭೂತ ಅಂದರೆ ಊರು ಕಾಯುವ ದೈವ. ನೋಡಲು ಬರುವ ಅಜ್ಜಿಯಂದಿರಿಗೆ ಅದನ್ನು ಓದಿ ಬೇಸರ ಆಗುತ್ತದೆ, ಆಗುವುದು ನ್ಯಾಯವೇ.

ಇದು ಬರೀ ಶಬ್ದದ ತಕರಾರಲ್ಲ. ಸೆತ್ಸುಬುನ್‌ನ ಚರಿತ್ರೆಯಲ್ಲಿಯೇ ಈ ಪೇಚು ಕೂತಿದೆ. ಕಾಳು ಎಸೆಯುವುದಕ್ಕಿಂತ ಹಿಂದೆ ಜಪಾನಿನ ಅರಮನೆಯಲ್ಲಿ ವರ್ಷದ ಕೊನೆಯ ದಿನ ತ್ಸುಇನ ಅನ್ನುವ ವಿಧಿ ನಡೆಯುತ್ತಿತ್ತು. ಚೀನಾದಿಂದ ಬಂದದ್ದು, 706ನೇ ಇಸವಿಯ ದಾಖಲೆ ಉಂಟು. ಅದರಲ್ಲಿ ಹೊಸೊಶಿ ಅನ್ನುವವನು ಚಿನ್ನದ ನಾಲ್ಕು ಕಣ್ಣಿನ ಮೊಗ ಹಾಕಿ, ಭರ್ಜಿ ಗುರಾಣಿ ಹಿಡಿದು ಕಾಣದ ಓನಿಗಳನ್ನು ಅಟ್ಟುತ್ತಿದ್ದ. ಅಟ್ಟಲ್ಪಡುವವರು ಯಾರ ಕಣ್ಣಿಗೂ ಕಾಣುವುದಿಲ್ಲ, ಕಾಣುವುದು ಈ ಭಯಂಕರ ಮೊಗದವನು ಮಾತ್ರ. ಕಾಲ ಹೋದ ಹಾಗೆ ಜನ ಅವನನ್ನೇ ಓನಿ ಅಂತ ತಿಳಿದು ಅವನನ್ನೇ ಅಟ್ಟಲು ಶುರು ಮಾಡಿದರು. ಕಾಯುವವನು ಕಳ್ಳನಾದ. ನಿಮ್ಮ ಬೋರ್ಡು ಅದೇ ತಪ್ಪನ್ನು ಇಲ್ಲಿ ಇನ್ನೊಮ್ಮೆ ಮಾಡುತ್ತದೆ.

ತೆಂಕಪೇಟೆ

ಒಳ್ಳೆಯದಾಯ್ತು ಹೇಳಿದ್ದು. ಹಾಗಾದರೆ ಎಂತ ಬರೆಯುವುದು? 'ರಾಕ್ಷಸ' ಆಗುತ್ತದಾ?

ಮೂಡುಮನೆ

ರಾಕ್ಷಸನೂ ಪೂರ್ತಿ ಹೊಂದುವುದಿಲ್ಲ, ಅವನಿಗೆ ವಂಶ, ಕುಲ, ಪುರಾಣ ಎಲ್ಲ ಉಂಟು. ಓನಿಯನ್ನು ಓನಿ ಅಂತಲೇ ಬಿಡಿ. ಹೆಸರಿಗೆ 'ಮಾರಿ ಕಳೆಯುವ ಆಚರಣೆಗಳು' ಅಂತ ಬರೆದರೆ ಇಲ್ಲಿಯವರಿಗೆ ಒಂದೇ ಸಲಕ್ಕೆ ಅರ್ಥವಾಗುತ್ತದೆ. ಮಾರಿ ಅಂದರೆ ರೋಗರುಜಿನವೂ ಹೌದು, ಅದನ್ನು ಕಳೆಯುವ ಅಮ್ಮನೂ ಹೌದು.

ಓನಿಗೆ ಎತ್ತಿನ ಕೊಂಬು, ಹುಲಿಚರ್ಮದ ಚಡ್ಡಿ ಬರೆಯುತ್ತಾರೆ. ಕಾರಣ ಮಕ್ಕಳಿಗೆ ಹೇಳಿ: ಅವರ ದಿಕ್ಕಿನ ಚಕ್ರದಲ್ಲಿ ಎತ್ತು ಮತ್ತು ಹುಲಿಯ ನಡುವೆ ಬರುವುದು ಈಶಾನ್ಯ, ಅದೇ ಓನಿ ಬರುವ ಬಾಗಿಲು. ನಮ್ಮ ವಾಸ್ತುವಿನಲ್ಲಿ ಈಶಾನ್ಯ ದೇವರ ಮೂಲೆ. ನಕ್ಷೆಯಲ್ಲಿ ಈಶಾನ್ಯವನ್ನು ಕೇಡಿನ ದಿಕ್ಕು ಅಂತ ತೋರಿಸಿದರೆ ಖಂಡಿತ ಯಾರಾದರೂ ಕೇಳುತ್ತಾರೆ, ಉತ್ತರ ತಯಾರಿರಲಿ.

ಕಡಲಕರೆ

ನಾಲ್ಕು ಕಣ್ಣಿನ ಮೊಗವನ್ನು ಅಡಿಕೆ ಹಾಳೆಯಲ್ಲಿ ಚೆನ್ನಾಗಿ ಮಾಡಬಹುದು. ಹಾಳೆಯನ್ನು ಅರ್ಧ ಗಂಟೆ ನೀರಲ್ಲಿ ಅದ್ದಿ, ಮೆತ್ತಗಾದ ಮೇಲೆ ಕತ್ತರಿಸಿ, ಮಡಕೆಯ ಮೇಲೆ ಬಿಗಿದು ಕಟ್ಟಿ ನೆರಳಲ್ಲಿ ಒಣಗಿಸಿ. ಒಣಗಿದ ಹಾಳೆಗೆ ಕತ್ತರಿ ಹಾಕಿದರೆ ನಾರಿನ ಉದ್ದಕ್ಕೆ ಸೀಳಿ ಹೋಗುತ್ತದೆ. ಬಿಸಿಲಲ್ಲಿಟ್ಟರೆ ಅಂಚು ಮುರುಟುತ್ತದೆ.

ಇನ್ನೊಂದು, ಕರಾವಳಿಯವರಿಗೆ ಬಹಳ ಹತ್ತಿರದ್ದು. ಸೆತ್ಸುಬುನ್ ದಿನ ಬಾಗಿಲ ಪಕ್ಕಕ್ಕೆ ಸಿಕ್ಕಿಸುವುದು ಏನು ಗೊತ್ತಾ? ಬೂತಾಯಿ ಮೀನಿನ ತಲೆ! ಅವರ ಜಾತಿ ಬೇರೆ, ನಮ್ಮ ಬೂತಾಯಿಯ ದಾಯಾದಿ ಅನ್ನಿ. ಸುಟ್ಟ ಮೀನಿನ ತಲೆಯನ್ನು ಮುಳ್ಳೆಲೆಯ ಹೀರಗಿ ಗಿಡದ ಟೊಂಗೆಗೆ ಚುಚ್ಚಿ ಇಡುತ್ತಾರೆ. ವಾಸನೆಗೆ ಓನಿ ದೂರ ನಿಲ್ಲುತ್ತದೆ, ಬಗ್ಗಿ ನೋಡಿದರೆ ಎಲೆಯ ಮುಳ್ಳು ಕಣ್ಣಿಗೆ ತಾಗುತ್ತದೆ. ಹೀರಗಿ ಇಲ್ಲಿ ಸಿಗುವುದಿಲ್ಲ, ಮುಳ್ಳಿರುವ ಯಾವುದಾದರೂ ಟೊಂಗೆ ಸಾಕು, ನಿಂಬೆಯದ್ದೇ ಆಗುತ್ತದೆ. ಬದಲಿ ಅಂತ ಚೀಟಿಯಲ್ಲಿ ಬರೆಯಿರಿ.

ತೆಂಕಪೇಟೆ

ತಲೆ ಹಾಳಾಗಿ ಕೋಣೆಯೆಲ್ಲ ನಾತ ಬಂದರೆ?

ಕಡಲಕರೆ

ಹಸಿ ತಲೆ ಇಟ್ಟರೆ ಮಧ್ಯಾಹ್ನದೊಳಗೆ ನೊಣ ಮುತ್ತುತ್ತದೆ. ಕಿವಿರು ಪೂರ್ತಿ ತೆಗೆಯಿರಿ, ನಾತ ಶುರುವಾಗುವುದೇ ಅಲ್ಲಿಂದ. ಉಪ್ಪು ಸವರಿ ಅರ್ಧ ಗಂಟೆ ಇಟ್ಟು, ಒರೆಸಿ, ಕೆಂಡದ ಮೇಲೆ ಎರಡೂ ಮಗ್ಗುಲು ಗರಿಗರಿ ಆಗುವಷ್ಟು ಸುಡಿ. ಟೊಂಗೆಯನ್ನು ಕಿವಿರಿನ ಕಡೆಯಿಂದ ತೂರಿಸಿ ಕಣ್ಣಿನಲ್ಲಿ ತೆಗೆಯುವುದು. ಬಿಸಿ ಇರುವಾಗಲೇ ಚುಚ್ಚಬೇಕು, ತಣಿದ ಮೇಲೆ ತಲೆಬುರುಡೆ ಒಡೆಯುತ್ತದೆ. ಬಾಗಿಲ ಹೊರಗಡೆ, ಬೆಕ್ಕಿಗೆ ಎಟುಕದ ಎತ್ತರಕ್ಕೆ ಕಟ್ಟಿ. ಮೂರು ಗಂಟೆಗೆ ಏನೂ ಆಗುವುದಿಲ್ಲ, ಸಂಜೆ ತೆಗೆದು ತೆಂಗಿನ ಬುಡಕ್ಕೆ ಹಾಕಿ. ಸಸ್ಯಾಹಾರದ ಶಾಲೆಯಾದರೆ ಚಿತ್ರ ಬರೆದು ಬಿಡಿ, ಅದಕ್ಕಾಗಿ ಜಗಳ ಬೇಡ.

ಬೈಹುಲ್ಲು

ಹುಲ್ಲಿನ ವೇಷದ ಬಗ್ಗೆ ಕೇಳಿದ್ರಲ್ಲ, ಅದು ನಮಹಗೆ. ಜಪಾನಿನ ಅಕಿತ ಪ್ರಾಂತ್ಯದ ಓಗ ಪರ್ಯಾಯದ್ವೀಪದ್ದು. ಹಿಂದೆ ಚಾಂದ್ರಮಾನದ ಮೊದಲ ತಿಂಗಳ ಹುಣ್ಣಿಮೆ ಹೊತ್ತಿಗೆ ಇತ್ತು, ಈಗ ಡಿಸೆಂಬರ್ 31ರ ರಾತ್ರಿ. 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ 'ಬರುವ ದೇವರು' ಆಚರಣೆಗಳ ಹತ್ತರ ಗುಂಪಿನಲ್ಲಿ ಇದೂ ಒಂದು. ಹೆಸರೇ ಕಾಣಿ: ಚಳಿಗಾಲ ಇಡೀ ಒಲೆಯ ಮುಂದೆ ಕೂತು ಕೆಲಸ ಕದ್ದವರ ಕಾಲಿಗೆ ಬರುವ ಕೆಂಪು ಗುಳ್ಳೆ ನಮೊಮಿ. ಅದನ್ನು ಸುಲಿಯುವವನು ನಮಹಗೆ. ಕೈಯಲ್ಲಿ ಕತ್ತಿ, ಬಕೆಟು ಇರುವುದು ಅದಕ್ಕೇ. ಕತ್ತಿ ಮರದ್ದು ಮರ್ರೆ, ನಿಜದ್ದು ಅಲ್ಲ. ಇವನನ್ನು ಓನಿ ಸಾಲಿಗೆ ಸೇರಿಸ್ಬೇಡಿ. ಮೊಗ ಅದೇ ಥರ, ಕೆಲಸ ಬೇರೆ. ವರ್ಷಕ್ಕೊಂದು ಸಲ ಬೆಟ್ಟದಿಂದ ಇಳಿದು ಬಂದು ಸೋಮಾರಿತನ, ಕೇಡು ಎರಡನ್ನೂ ಮನೆಯಿಂದ ತೆಗೆದುಕೊಂಡು ಹೋಗುವ ದೇವರು.

ವೇಷಕ್ಕೆ ಕೆದೆ ಅಂತಾರೆ. ಭತ್ತದ ಹುಲ್ಲೇ. ನಮ್ಮಲ್ಲಿ ಒಂದು ಸಮಸ್ಯೆ: ಕಟಾವು ಯಂತ್ರದಲ್ಲಿ ಬಂದ ಹುಲ್ಲು ತುಂಡಾಗಿ ಜಜ್ಜಿ ಹೋಗಿರ್ತದೆ, ಅದರಲ್ಲಿ ಏನೂ ಕಟ್ಟಲಿಕ್ಕೆ ಆಗುವುದಿಲ್ಲ. ಕೈಯಲ್ಲಿ ಕೊಯ್ದು ಬಡಿದ ಹುಲ್ಲೇ ಬೇಕು. ಕಜೆ ಭತ್ತದ್ದು ಉದ್ದ ಇರ್ತದೆ, ಎಂಒ 4 ತಳಿಯದ್ದು ಗಿಡ್ಡ. ಗಿಡ್ಡದ್ದಾದರೆ ಎರಡು ಅಂತಸ್ತು ಕಟ್ಟಿ.

ಸೊಂಟದ ಅಂತಸ್ತು ಕಟ್ಟುವುದು ಹೀಗೆ. ಹಿಂದಿನ ರಾತ್ರಿ ಹುಲ್ಲಿಗೆ ನೀರು ಚಿಮುಕಿಸಿ ಗೋಣಿಯಲ್ಲಿ ಸುತ್ತಿಡಿ. ಒಣ ಹುಲ್ಲು ಹೊಸೆದರೆ ಪಟಪಟ ಮುರೀತದೆ. ಹೆಬ್ಬೆರಳು ದಪ್ಪದ ಹಗ್ಗ ಹೊಸೆಯಿರಿ, ಸೊಂಟದ ಸುತ್ತಳತೆಯ ಎರಡರಷ್ಟು ಉದ್ದ, ಗಂಟು ಹಾಕಲು ಬೇಕಲ್ಲ. ಹಗ್ಗವನ್ನು ಎರಡು ಕಂಬಕ್ಕೆ ಬಿಗಿದು ಕಟ್ಟಿ. ಈಗ 25-30 ಕಡ್ಡಿಯ ಒಂದೊಂದು ಹಿಡಿ ತೆಗೆದು, ಬುಡದ ಕಡೆಯಿಂದ ಒಂದು ಗೇಣು ಬಿಟ್ಟು ಹಗ್ಗದ ಮೇಲೆ ಮಡಚಿ, ಮಡಚಿದ ಕುತ್ತಿಗೆಗೆ ಬಾಳೆನಾರು ಬಿಗಿಯಿರಿ. ಮೂರು ಸೆಂಟಿಮೀಟರಿಗೆ ಒಂದು ಹಿಡಿ ಬಂದರೆ 80 ಸೆಂಟಿಮೀಟರ್ ಸೊಂಟಕ್ಕೆ 27 ಹಿಡಿ. ಎದೆ-ಭುಜದ ಅಂತಸ್ತಿಗೆ ಅಷ್ಟೇ ಇನ್ನೊಂದು. ಮಕ್ಕಳು ಮಾಡುವ ತಪ್ಪು ಬುಡ ಕೆಳಗೆ ಬರುವ ಹಾಗೆ ಮಡಚುವುದು. ತುದಿ ಕೆಳಗಿರಬೇಕು. ಬುಡದ ಗಟ್ಟಿ ಕಡ್ಡಿ ಮೊಣಕಾಲಿಗೆ ಉಜ್ಜಿ ಗೀರು ಬೀಳ್ತದೆ. ಒಳಗೆ ಪೂರ್ತಿ ತೋಳಿನ ಹತ್ತಿ ಅಂಗಿ, ಪ್ಯಾಂಟು ಬೇಕೇ ಬೇಕು, ಇಲ್ಲದಿದ್ದರೆ ರಾತ್ರಿ ಇಡೀ ತುರಿಕೆ.

ದೀಪ, ಮೇಣದಬತ್ತಿ, ಧೂಪ ಯಾವುದೂ ಈ ವೇಷದ ಹತ್ತಿರ ಬರಬಾರದು. ಇದರಲ್ಲಿ ರಿಯಾಯಿತಿ ಇಲ್ಲ.

ಉದುರುವ ಹುಲ್ಲನ್ನು ಗುಡಿಸ್ಬೇಡಿ! ಅದೇ ಪ್ರಸಾದ. ಓಗದಲ್ಲಿ ಬಿದ್ದ ಹುಲ್ಲು ಹೆಕ್ಕಿ ತಲೆಗೆ ಕಟ್ಟಿಕೊಂಡರೆ ವರ್ಷ ಇಡೀ ಕಾಯಿಲೆ ಇಲ್ಲ ಅಂತ ನಂಬಿಕೆ. ಎಳೆದು ಕೀಳುವುದಲ್ಲ, ತಾನಾಗಿ ಉದುರಿದ್ದು ಮಾತ್ರ. ಕೆದೆಯನ್ನು ಮರುವರ್ಷಕ್ಕೆ ಇಡುವುದೂ ಇಲ್ಲ. ಕೆಲಸ ಮುಗಿದ ಮೇಲೆ ಗುಡಿಯ ಕಂಬಕ್ಕೋ ಮರಕ್ಕೋ ಸುತ್ತಿ ಬರ್ತಾರೆ.

ತೆಂಕಪೇಟೆ

ವೇಷ ಹಾಕಿ ಒಳಗೆ ಬಂದ ಮೇಲೆ ಎಂತ ಮಾಡುವುದು? ಬರೀ ಹೆದರಿಸಿ ಹೋಗುವುದಾ?

ಬೈಹುಲ್ಲು

ಇಲ್ಲ ಇಲ್ಲ, ಪೂರ್ತಿ ಮರ್ಯಾದೆಯ ಕ್ರಮ ಉಂಟು. ಮೊದಲು ವೇಷ ಇಲ್ಲದ ಮುಂದಾಳು ಒಬ್ಬ ಮನೆಗೆ ಹೋಗಿ ಬರಬಹುದಾ ಅಂತ ಕೇಳ್ತಾನೆ. ಆ ವರ್ಷ ಸಾವು ಅಥವಾ ಹೆರಿಗೆ ಆದ ಮನೆಗೆ ಹೋಗುವುದಿಲ್ಲ. ನಮ್ಮ ಸೂತಕ, ಅಮೆಯ ಲೆಕ್ಕವೇ. ಒಪ್ಪಿಗೆ ಸಿಕ್ಕಿದ ಮೇಲೆ ನಮಹಗೆ ಆರ್ಭಟಿಸಿ ಒಳಗೆ ಬಂದು ಏಳು ಸಲ ನೆಲಕ್ಕೆ ಕಾಲು ಬಡೀತದೆ. ಅಳುವ ಮಕ್ಕಳು ಇದ್ದಾರಾ, ಮಾತು ಕೇಳದವರು ಇದ್ದಾರಾ ಅಂತ ಮನೆಯೆಲ್ಲ ಹುಡುಕ್ತದೆ. ಮನೆಯ ಯಜಮಾನ ಒಳ್ಳೆ ಬಟ್ಟೆಯಲ್ಲಿ ಕೂತು ಸಮಾಧಾನ ಮಾಡಿ ಊಟಕ್ಕೆ ಕೂರಿಸ್ತಾನೆ. ಕೂರುವ ಮೊದಲು ಐದು ಸಲ, ಎದ್ದ ಮೇಲೆ ಮೂರು ಸಲ ಕಾಲು ಬಡಿಯುವುದು. ನಡುವೆ ಊಟ, ಅಕ್ಕಿಯ ಮದ್ಯ, ಮಾತುಕತೆ: ಬೆಳೆ ಹೇಗೆ, ಹುಡುಗ ಓದುತ್ತಾನಾ, ಸೊಸೆ ಬೇಗ ಏಳುತ್ತಾಳಾ. ಎಲ್ಲ ಒಂದು ಲೆಕ್ಕದ ಪುಸ್ತಕದಲ್ಲಿ ಬರೆದಿರ್ತದೆ. ಯಜಮಾನ ಮಕ್ಕಳ ಪರವಾಗಿ ಮಾತು ಕೊಡ್ತಾನೆ, ಮಕ್ಕಳು ಅಪ್ಪನ ಬೆನ್ನ ಹಿಂದೆ.

ಈ ಯಜಮಾನನ ಪಾತ್ರ ಬಿಟ್ಟರೆ ಉಳಿಯುವುದು ಮಕ್ಕಳನ್ನು ಹೆದರಿಸುವ ಆಟ ಮಾತ್ರ. ಹಾಗಾಗಿ ನಿಮ್ಮ 12 ಮಕ್ಕಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಮಾತಾಡುವವರನ್ನು ವೇಷಕ್ಕೆ ಹಾಕ್ಬೇಡಿ, ಯಜಮಾನನ ಪಾತ್ರಕ್ಕೆ ಹಾಕಿ.

ಗಗ್ಗರ

ಗಂಟೆಯ ವಿಷಯ ನಾನು ಹೇಳುತ್ತೇನೆ. ಎರಡು ಜಾಗ ಸಾಕು. ಬಲ್ಗೇರಿಯಾದ ಪೆರ್ನಿಕ್ ಸುತ್ತ ಜನವರಿ 13, 14ರಂದು ಸುರೊವ ಹಬ್ಬ, ಹಳೆಯ ಪಂಚಾಂಗದ ಹೊಸ ವರ್ಷ. 2015ರಿಂದ ಯುನೆಸ್ಕೊ ಪಟ್ಟಿಯಲ್ಲಿ ಉಂಟು. ಚರ್ಮ, ಬಟ್ಟೆ ಚಿಂದಿ, ಗರಿಯ ಎತ್ತರದ ಮೊಗ. ಗುಂಪಿನಲ್ಲಿ ಮದುಮಗ, ಮದುಮಗಳು, ಪಾದ್ರಿ, ಕರಡಿ ಎಲ್ಲ ಇರುತ್ತಾರೆ.

ಇನ್ನೊಂದು ಸಾರ್ಡೀನಿಯ ದ್ವೀಪದ ಮಾಮೊಯಾದ ಊರು. ಅಲ್ಲಿ ಜನವರಿ 16, 17ರಂದು ಸಂತ ಅಂತೋನಿಯ ಹಬ್ಬಕ್ಕೆ ಬೀದಿಬೀದಿಯಲ್ಲಿ ಬೆಂಕಿ ಹಾಕುತ್ತಾರೆ, ವರ್ಷದಲ್ಲಿ ಮೊದಲ ಸಲ ಮಾಮುತೊನೆಸ್ ಅನ್ನುವ ವೇಷದವರು ಹೊರಗೆ ಬರುವುದು ಆವತ್ತು. ಕಪ್ಪು ಕುರಿಚರ್ಮ, ಕಪ್ಪು ಮರದ ಮೊಗ, ಬೆನ್ನ ಮೇಲೆ ಸುಮಾರು 30 ಕಿಲೋ ಗಂಟೆ. ಸಾಮಾನ್ಯವಾಗಿ 12 ಮಂದಿ, ಎರಡು ಸಾಲು. ಅವರನ್ನು ನಡೆಸಲು ಕೆಂಪು ಅಂಗಿಯ 8 ಮಂದಿ, ಕೈಯಲ್ಲಿ ಹಗ್ಗದ ಕುಣಿಕೆ. ಹಾಡಿಲ್ಲ, ಮಾತಿಲ್ಲ. ಭುಜ ಒಂದು ಕಡೆ ತಿರುಗಿಸಿ ಒಂದು ಕುಪ್ಪಳಿಕೆ, ಅಷ್ಟೂ ಗಂಟೆ ಒಟ್ಟಿಗೆ ಒಂದೇ ಸಲ ಝಲ್ ಅನ್ನಬೇಕು. ಮತ್ತೆ ಇನ್ನೊಂದು ಭುಜ.

ಗುಟ್ಟು ಇರುವುದು ಕಟ್ಟುವುದರಲ್ಲಿ. ಒಬ್ಬನಿಗೆ ತಾನೇ ಕಟ್ಟಿಕೊಳ್ಳಲು ಆಗುವುದಿಲ್ಲ. ಇನ್ನೊಬ್ಬ ಚರ್ಮದ ಪಟ್ಟಿಯನ್ನು ಎದೆಗೆ ಅಡ್ಡಲಾಗಿ ಬಲವಾಗಿ ಎಳೆದು ಬಿಗಿಯಬೇಕು. ಸಡಿಲ ಉಳಿದರೆ ಗಂಟೆ ಮೈಗಿಂತ ಹಿಂದೆ ಬೀಳುತ್ತದೆ, ಒಂದು ಸಪ್ಪಳ ಒಡೆದು ಎರಡಾಗುತ್ತದೆ, ಬೆನ್ನಮೂಳೆಗೆ ಪೆಟ್ಟೂ ಬೀಳುತ್ತದೆ. 9ನೇ ತರಗತಿ ಮಕ್ಕಳಿಗೆ 3 ಕಿಲೋ ಮೇಲೆ ಬೇಡ. ಗೋಣಿಚೀಲಕ್ಕೆ ತಲೆ, ಕೈ ಹೋಗಲು ತೂತು ಮಾಡಿ ಅಂಗಿಯ ಹಾಗೆ ತೊಡಿಸಿ. ಅದರ ಬೆನ್ನಿಗೆ ದನದ ಕೊರಳ ಗಂಟೆ 8 ಅಥವಾ 10, ಎರಡು ಸಾಲಾಗಿ ಹೊಲಿಯಿರಿ. ಭಾರ ಭುಜದಲ್ಲಿ ನಿಲ್ಲುವ ಹಾಗೆ ಮೇಲಿನ ಸಾಲು ಹೆಗಲಿಂದ ನಾಲ್ಕು ಬೆರಳು ಕೆಳಗಿರಲಿ. ಸೊಂಟಕ್ಕೆ ಬೈರಾಸು ಬಿಗಿದರೆ ಗೋಣಿ ಅಲ್ಲಾಡುವುದಿಲ್ಲ.

ಗಗ್ಗರ ಅನ್ನುವ ಕಾಲಬಳೆ ಮಾತ್ರ ತರಬೇಡಿ. ಸದ್ದಿಗೆ ಹೋಲಿಕೆ ಇರಬಹುದು, ಕೇಳಿದ ಕೂಡಲೇ ಮೈ ಜುಂ ಅನ್ನುವುದೂ ಒಂದೇ ಇರಬಹುದು. ಆದರೆ ಗಗ್ಗರ ದೈವ ಕಟ್ಟುವವರ ಕಾಲಿಗೆ ವಿಧಿಪೂರ್ವಕ ಏರುವಂಥದ್ದು, ಪ್ರದರ್ಶನದ ಮೇಜಿಗಲ್ಲ.

ಇಗರ್ಜಿ ರಸ್ತೆ

ಹೊಗೆಯನ್ನು ಬಿಟ್ಟಿದ್ದೀರಿ. ಆಲ್ಪ್ಸ್ ಪರ್ವತದ ಆಸ್ಟ್ರಿಯಾ, ಬವೇರಿಯ ಕಡೆ ಕ್ರಿಸ್ಮಸ್‌ನಿಂದ ಜನವರಿ 6ರ ತನಕದ ರಾತ್ರಿಗಳಿಗೆ ರೌನಾಖ್ಟ್ ಅಂತ ಹೆಸರು. ಮುಖ್ಯವಾದ ರಾತ್ರಿ ಮನೆಯವರೆಲ್ಲ ಸೇರಿ ಕೆಂಡದ ಬಾಣಲೆಗೆ ಧೂಪ ಹಾಕಿ ಪ್ರತಿ ಕೋಣೆ, ಕೊಟ್ಟಿಗೆ ಸುತ್ತುತ್ತಾರೆ. ಆ ದಿನಗಳಲ್ಲಿ ಬಟ್ಟೆ ಒಗೆದು ಹಗ್ಗಕ್ಕೆ ಹಾಕುವ ಹಾಗಿಲ್ಲ, ಆಕಾಶದಲ್ಲಿ ಹೋಗುವ ಪ್ರೇತಸೈನ್ಯ ಅದರಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ. ಮುಸ್ಸಂಜೆಗೆ ಹಸುಗೂಸಿನ ಬಟ್ಟೆ ಹೊರಗೆ ಬಿಡಬಾರದು ಅಂತ ನಮ್ಮ ಮನೆಗಳಲ್ಲಿ ಹೇಳುವುದಕ್ಕೆ ಇದು ಹತ್ತಿರ.

ಮಾಡುವುದಾದರೆ ಜಗಲಿಯಲ್ಲಿ ಮಾಡಿ, ಮುಚ್ಚಿದ ಕೋಣೆಯಲ್ಲಿ ಇದ್ದಲು ಬೇಡವೇ ಬೇಡ, ವಾಸನೆ ಇಲ್ಲದ ವಿಷಗಾಳಿ ಅದರಲ್ಲಿ ಉಂಟು. ಕಬ್ಬಿಣದ ಪಾತ್ರೆಗೆ ಎರಡು ಬೆರಳು ಮರಳು, ಮೇಲೆ ಗೆರಟೆ ಇದ್ದಲು. ಪೂರ್ತಿ ಬೂದಿ ಬಣ್ಣ ಬಂದ ಮೇಲೆ ಕಡಲೆಕಾಳಿನಷ್ಟು ಧೂಪ. ಇದ್ದಲು ಕಪ್ಪಿರುವಾಗಲೇ ಹಾಕಿದರೆ ಡಾಂಬರಿನ ವಾಸನೆ ಬರುತ್ತದೆ. ಇಗರ್ಜಿಗಳಲ್ಲಿ ಬಳಸುವ ಧೂಪವೇ ಅಲ್ಲಿಯದಕ್ಕೆ ಹತ್ತಿರ, ಸಿಗದಿದ್ದರೆ ರಾಳ ಆಗುತ್ತದೆ.

ಮೂಡುಮನೆ

ಈಗ ನಮ್ಮದು. ಆಟಿ ಕಳೆಂಜ ಚಳಿಗಾಲದ್ದಲ್ಲ. ಆಟಿ ಅಂದರೆ ಜುಲೈ-ಆಗಸ್ಟ್, ಜಡಿಮಳೆ, ಹೊಟ್ಟೆಗಿಲ್ಲದ ತಿಂಗಳು. ನಲಿಕೆ ಸಮುದಾಯದವರು ತಾಳೆಗರಿಯ ಕೊಡೆ ಹಿಡಿದು ತೆಂಬರೆ ವಾದ್ಯ ಬಡಿಯುತ್ತ ಮನೆಮನೆಗೆ ಬಂದು, ಅಕ್ಕಿ, ಉಪ್ಪು, ಮೆಣಸು, ಹುಳಿ, ಅರಶಿನ, ಇದ್ದಲು ತೆಗೆದುಕೊಂಡು ಮಾರಿ ಕಳೆಯುತ್ತಾರೆ. ಫೆಬ್ರವರಿಯಲ್ಲಿ ಕಳೆಂಜ ತಂದರೆ ತಿಂಗಳು ತಪ್ಪಿದ ಹಾಗೆ. ಋತುವಿನ ಗಿಣ್ಣಿನ ಬಗ್ಗೆ ಅಷ್ಟೆಲ್ಲ ಹೇಳಿ ನಮ್ಮದರಲ್ಲೇ ಗಿಣ್ಣು ತಪ್ಪಿಸಬಾರದು.

ಚಳಿಗಾಲದ ಎರಡು ತುದಿಗೆ ಎರಡು ಉಂಟು. ಒಂದು ತುದಿ ಜಾರ್ದೆ, ನವೆಂಬರ್-ಡಿಸೆಂಬರ್. ಕಾಪುವಿನ ಮಾರಿಗುಡಿಗಳಲ್ಲಿ ವರ್ಷಕ್ಕೆ ಮೂರು ಸಲ ಕಾಲಾವಧಿ ಮಾರಿಪೂಜೆ: ಸುಗ್ಗಿ, ಆಟಿ, ಜಾರ್ದೆ. ಮಂಗಳವಾರ ಹಿಡಿದು ಬುಧವಾರಕ್ಕೆ ಮುಗಿಯುತ್ತದೆ. ಮೂರೂ ಒಂದು ಹವೆ ಹೋಗಿ ಇನ್ನೊಂದು ಹವೆ ಬರುವ ಹೊತ್ತು, ಕಾಯಿಲೆ ಏಳುವ ಹೊತ್ತು.

ಇನ್ನೊಂದು ತುದಿ ಮಾಯಿ, ಫೆಬ್ರವರಿ-ಮಾರ್ಚ್. ಮಾಯಿ ಹುಣ್ಣಿಮೆಯ ಹೊತ್ತಿಗೆ ಉಡುಪಿ ಸುತ್ತಿನಲ್ಲಿ ಮುಂಡಾಲ ಸಮುದಾಯದವರ ಕಂಗೀಲು. ಮೈಗೆ ತೆಂಗಿನ ತಿರಿಯ ಉಡುಗೆ, ಮನೆಮನೆಗೆ ಹೋಗಿ ಕುಣಿದು ಊರಿನ ಮಾರಿಯನ್ನು ಒಯ್ಯುವುದು. ತೆಂಕಲಾಗಿ ಸುಳ್ಯ, ಬೆಳ್ತಂಗಡಿ ಕಡೆ ಸಿದ್ಧವೇಷ, ಪುರುಷ ವೇಷ. ನಿಮ್ಮ ಪ್ರದರ್ಶನದ ದಿನಕ್ಕೆ ಮಾಯಿ ಇನ್ನೇನು ಹತ್ತಿರ ಬಂದಿರುತ್ತದೆ, ಹಾಗಾಗಿ ಕಂಗೀಲೇ ಸರಿ.

ಆದರೆ ಮಕ್ಕಳಿಗೆ ಕಂಗೀಲು ವೇಷ ಹಾಕಿ ಕುಣಿಸಬೇಡಿ. ಅದನ್ನು ನಡೆಸಿಕೊಂಡು ಬಂದವರು ಇಲ್ಲೇ ಇದ್ದಾರೆ. ಒಂದು ತಂಡವನ್ನು ಗೌರವದಿಂದ ಕರೆಯಿರಿ, ಸಂಭಾವನೆ ಮೊದಲೇ ಮಾತಾಡಿ, ಹೋಗಿ ಬರುವ ಖರ್ಚು ಬೇರೆ ಕೊಡಿ. ಎಲ್ಲಿ ತನಕ ತೋರಿಸಬಹುದು, ಯಾವುದನ್ನು ತೋರಿಸಬಾರದು ಅವರೇ ಹೇಳಲಿ.

ಇನ್ನೊಂದು ಮಾತು ನೇರವಾಗಿಯೇ ಹೇಳಬೇಕು. ಕೊರಗ ವೇಷ ಅಂತ ಮೈಗೆ ಮಸಿ ಬಳಿದು ನಗಿಸುವುದನ್ನು 'ನಮ್ಮ ಜಾನಪದ' ಅಂತ ಯಾರಾದರೂ ಸೂಚಿಸಬಹುದು. ಅದು ಬೇಡ. ಮಾರಿ ಕಳೆಯುವ ಹೆಸರಿನಲ್ಲಿ ಈ ನಾಡು ಮಾಡಿದ ಅತಿ ದೊಡ್ಡ ಅನ್ಯಾಯ ಅಜಲು: ಮನೆಯ ಕೇಡು ಹೋಗಲಿ ಅಂತ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು. ಮಾರಿಯನ್ನು ಊರ ಗಡಿಗೆ ಬಿಡುವ ಬದಲು ಇನ್ನೊಬ್ಬ ಮನುಷ್ಯನ ಮೈಗೆ ಹಾಕುವುದು. ಕರ್ನಾಟಕ 2000ದಲ್ಲಿ ಕಾನೂನು ತಂದು ಅದನ್ನು ನಿಷೇಧಿಸಿದೆ. ಪ್ರದರ್ಶನದಲ್ಲಿ ಒಂದು ಚೀಟಿ ಇದರ ಬಗ್ಗೆಯೂ ಇರಲಿ. 9ನೇ ತರಗತಿ ಮಕ್ಕಳಿಗೆ ಇದು ಅರ್ಥವಾಗುತ್ತದೆ. ಕೇಡನ್ನು ಕಾಳಿಗೆ, ಹುಲ್ಲಿಗೆ, ಹೊಗೆಗೆ ಹೊರಿಸಿದ್ದಾರೋ, ಮನುಷ್ಯರಿಗೆ ಹೊರಿಸಿದ್ದಾರೋ ಎಂದು ಪ್ರತಿಯೊಂದು ಆಚರಣೆಯಲ್ಲೂ ಕೇಳಲು ಕಲಿಸಿ.

ಬೈಹುಲ್ಲು

ಪೂರ್ತಿ ಒಪ್ಪುವ ಮಾತು. ವೇಷ ಬೇಡ, ತಿರಿ ಸೀಳುವುದನ್ನು ಮಕ್ಕಳು ಕಲಿಯಬಹುದಲ್ಲ? ತಿರಿ ಅಂದರೆ ಇನ್ನೂ ಬಿಚ್ಚದ, ಹಳದಿ ಬಣ್ಣದ ಎಳೆಗರಿ. ಫಲ ಕೊಡುವ ಒಳ್ಳೆ ಮರದಿಂದ ತೆಗೆಸ್ಬೇಡಿ. ಸುಳಿಗೆ ಪೆಟ್ಟಾದರೆ ಕುರುವಾಯಿ ಹುಳ, ಸುಳಿಕೊಳೆ ಎರಡೂ ಅಲ್ಲಿಂದಲೇ ಒಳಗೆ ಹೋಗ್ತದೆ. ಕಡಿಯಲಿಕ್ಕೆ ಇಟ್ಟ ಮರ ಇದ್ದರೆ ಅದರದ್ದು ತೆಗೆಯಿರಿ. ಬೆಳಿಗ್ಗೆ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಲ್ಲಿ ಇಟ್ಟರೆ ಸಂಜೆ ತನಕ ಮೆತ್ತಗೆ ಇರ್ತದೆ. ಗಾಳಿಗೆ ಬಿಟ್ಟರೆ ಮಧ್ಯಾಹ್ನಕ್ಕೇ ಸುರುಳಿ ಸುತ್ತಿ ಕಂದು ಬಣ್ಣಕ್ಕೆ ತಿರುಗ್ತದೆ. ಸೀಳಲು ಚೂರಿ ಬೇಡ, ಉಗುರೇ ಸಾಕು. ಕಡ್ಡಿ ತೆಗೆದು, ಬುಡದಲ್ಲಿ ಎರಡು ಬೆರಳು ಬಿಟ್ಟು ತುದಿಗೆ ಎಳೆಯುವುದು.

ತೆಂಕಪೇಟೆ

ಎಲ್ಲರಿಗೂ ಋಣಿ. ಬೋರ್ಡು ಬದಲಾಯಿಸುತ್ತೇವೆ, ಕಂಗೀಲು ತಂಡದವರನ್ನು ಕೇಳುತ್ತೇವೆ, ಅಜಲು ಚೀಟಿಯನ್ನು ಮಕ್ಕಳೇ ಬರೆಯಲಿ. ಕೊನೆಯ ಪ್ರಶ್ನೆ. ಬಾಗಿಲಲ್ಲಿ ಅರಶಿನ-ಸುಣ್ಣದ ಕುರ್ದಿ ನೀರು ಇಡಬೇಕು ಅಂತ ಮಕ್ಕಳ ಹಟ. ಕಳೆದ ಸಲ ಯಾರೋ ಮಾಡಿದಾಗ ಕೆಂಪೇ ಬರಲಿಲ್ಲವಂತೆ, ನೆಲಕ್ಕೆ ಬಿದ್ದ ಕಲೆ ಮಾತ್ರ ಹೋಗಲಿಲ್ಲವಂತೆ.

ಗಗ್ಗರ

ಸುಣ್ಣ ಹಳೆಯದಾಗಿರಬೇಕು. ಗಾಳಿಗೆ ತೆರೆದಿಟ್ಟ ಸುಣ್ಣ ಸತ್ವ ಕಳೆದುಕೊಂಡು ಬರೀ ಸೀಮೆಸುಣ್ಣದ ಹಾಗಾಗುತ್ತದೆ, ಅದರಲ್ಲಿ ಅರಶಿನ ಕೆಂಪಾಗುವುದಿಲ್ಲ. ಎಲೆಗೆ ಹಚ್ಚುವ ಹಸಿ ಸುಣ್ಣ, ಮುಚ್ಚಳ ಬಿಗಿ ಇದ್ದ ಡಬ್ಬಿಯದ್ದು ತನ್ನಿ. ಒಂದು ಲೀಟರ್ ನೀರಿಗೆ ಎರಡು ಚಮಚ ಅರಶಿನ ಹುಡಿ ಮೊದಲು ಕದಡಿ, ಆಮೇಲೆ ಕಡಲೆಕಾಳಿನಷ್ಟು ಸುಣ್ಣ, ಸಾಲದಿದ್ದರೆ ಇನ್ನೊಂದಿಷ್ಟು. ಬಣ್ಣ ಕಣ್ಣೆದುರೇ ತಿರುಗುತ್ತದೆ. ಸುಣ್ಣ ಕದಡುವುದು ದೊಡ್ಡವರೇ, ಮಕ್ಕಳ ಕಣ್ಣಿಗೆ ಹಾರಿದರೆ ಅಪಾಯ. ಹರಿವಾಣದ ಕೆಳಗೆ ಬಾಳೆಲೆ ಹಾಸಿ. ನೆಲಕ್ಕೆ ಬಿದ್ದರೆ ಸಾಬೂನು ಹಾಕಬೇಡಿ, ಸಾಬೂನಿನಲ್ಲೂ ಸುಣ್ಣದ ಹಾಗೆ ಕ್ಷಾರ ಇರುವುದರಿಂದ ಕಲೆ ಕೆಂಪಾಗಿಯೇ ಉಳಿಯುತ್ತದೆ. ನಿಂಬೆರಸ ಹಿಂಡಿದರೆ ಹಳದಿಗೆ ತಿರುಗುತ್ತದೆ, ಆ ಹಳದಿಯನ್ನು ಎರಡು ದಿನದ ಬಿಸಿಲು ತೆಗೆಯುತ್ತದೆ. ಬಿಸಿಲು ಬೀಳದ ಮೂಲೆಯಲ್ಲಿ ಹರಿವಾಣ ಇಡಬೇಡಿ.